ಕೆಎ ಹೋಗಿ ಎಂಎಚ್ ಬಂದ ಮೇಲೂ ಒಂದು ಅರ್ಜಿ ಬಾಕಿ ಇರುತ್ತದೆ

ಸಂಪಾದಕರಿಗೆ,

ಮಾನ್ಯರೇ,

ಊರಿನಿಂದ ಗಾಡಿ ತಂದು ಮುಂಬಯಿ, ಪುಣೆ, ಗೋವಾಗಳಲ್ಲಿ ಓಡಿಸುವ ಕನ್ನಡಿಗರ ದೂರು ಹೆಚ್ಚುಕಡಿಮೆ ಒಂದೇ. ‘ಕೆಎ’ ಎಂಬ ಎರಡಕ್ಷರ ಕಂಡ ಕೂಡಲೇ ಪೊಲೀಸರು ಕೈ ಅಡ್ಡ ಹಾಕುತ್ತಾರೆ, ನಂಬರ್ ಬದಲಿಸಿಲ್ಲವೇಕೆ ಎಂದು ಕೇಳುತ್ತಾರೆ ಎಂಬುದು. ಇದಕ್ಕೆ ನಮ್ಮ ಜನರಲ್ಲಿ ಎರಡು ಉತ್ತರ ಚಾಲ್ತಿಯಲ್ಲಿವೆ. ಬೇರೆ ರಾಜ್ಯದ ನಂಬರೇ ತಪ್ಪು ಎಂದು ಹೆದರಿ ಮೊದಲ ತಿಂಗಳಲ್ಲೇ ಏಜೆಂಟನ ಕೈಗೆ ಸಾವಿರಾರು ರೂಪಾಯಿ ಕೊಡುವವರು ಕೆಲವರು. ಭಾರತವೆಲ್ಲ ಒಂದೇ, ಯಾರೂ ಏನೂ ಕೇಳುವಂತಿಲ್ಲ ಎಂದು ಹತ್ತು ವರ್ಷ ಹಾಗೇ ಓಡಿಸುವವರು ಕೆಲವರು. ಎರಡೂ ಸರಿಯಲ್ಲ. ಅದಕ್ಕಿಂತ ದೊಡ್ಡ ನಷ್ಟ ಬೇರೆ ಕಡೆ ಇದೆ. ಕ್ರಮಪ್ರಕಾರ ಮಹಾರಾಷ್ಟ್ರದ ಎಂಎಚ್ ನಂಬರ್ ಪಡೆದವರಲ್ಲೂ ಬಹಳ ಮಂದಿ ಕರ್ನಾಟಕಕ್ಕೆ ಕಟ್ಟಿದ್ದ ಜೀವಿತಾವಧಿ ತೆರಿಗೆಯ ಉಳಿಕೆ ಹಣವನ್ನು ವಾಪಸ್ ಕೇಳುವುದೇ ಇಲ್ಲ. ಅದನ್ನು ಕೇಳಬಹುದು ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಆ ಕಾರಣಕ್ಕೇ ಈ ಪತ್ರ ಸ್ವಲ್ಪ ಉದ್ದವಾಗಿದೆ. ದಯವಿಟ್ಟು ಪೂರ್ತಿ ಪ್ರಕಟಿಸಿ.

ಮೊದಲು ಕಾನೂನು. ಮೋಟಾರು ವಾಹನ ಕಾಯ್ದೆ 1988ರ 46ನೇ ಕಲಂ ಪ್ರಕಾರ ಒಂದು ರಾಜ್ಯದಲ್ಲಿ ನೋಂದಣಿಯಾದ ಗಾಡಿ ಇಡೀ ದೇಶದಲ್ಲಿ ನೋಂದಣಿಯಾದಂತೆಯೇ. ಆದ್ದರಿಂದ ಫಲಕದಲ್ಲಿ ಕೆಎ ಇದೆ ಎಂಬ ಒಂದೇ ಕಾರಣಕ್ಕೆ ದಂಡ ಹಾಕಲು ಬರುವುದಿಲ್ಲ. ಆದರೆ ಮರುಕಲಂ, ಅಂದರೆ 47, ಇನ್ನೊಂದು ಮಾತು ಹೇಳುತ್ತದೆ. ಗಾಡಿಯನ್ನು ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳು ಮೀರಿ ಇಟ್ಟುಕೊಂಡರೆ ಆ ರಾಜ್ಯದ ಹೊಸ ನಂಬರಿಗೆ ಅರ್ಜಿ ಹಾಕಲೇಬೇಕು. ಅರ್ಜಿ ನಮೂನೆ 27. ಹನ್ನೆರಡು ತಿಂಗಳು ಮುಗಿದ ಮೇಲೆ ಮೂವತ್ತು ದಿನದೊಳಗೆ ಹಾಕಬೇಕು. ಹಾಕದಿದ್ದರೆ 177ನೇ ಕಲಂ ಅನ್ವಯಿಸುತ್ತದೆ. ಮೊದಲ ಸಲ 500 ರೂಪಾಯಿವರೆಗೆ, ಮತ್ತೆ ಸಿಕ್ಕಿಬಿದ್ದರೆ 1,500 ರೂಪಾಯಿವರೆಗೆ ದಂಡ. ಮೊತ್ತ ಸಣ್ಣದೆಂದು ಸುಮ್ಮನಿರಬೇಡಿ. ರಾಜ್ಯದ ತೆರಿಗೆ ಬಾಕಿಯ ಲೆಕ್ಕ ಬೇರೆಯೇ ಇರುತ್ತದೆ, ಅದು ದೊಡ್ಡದು.

ರಸ್ತೆಯಲ್ಲಿ ಜಗಳವಾಗುವುದು ಈ ಹನ್ನೆರಡು ತಿಂಗಳು ಯಾವತ್ತಿನಿಂದ ಎಂಬ ವಿಷಯಕ್ಕೆ. ಆರ್‌ಸಿಯ (ನೋಂದಣಿ ಪತ್ರದ) ಮೇಲಿರುವ ತಾರೀಖಿನಿಂದ ಅಲ್ಲ, ಗಾಡಿ ಈ ರಾಜ್ಯಕ್ಕೆ ಬಂದ ದಿನದಿಂದ. ಐದು ವರ್ಷ ಹಳೆಯ ಕೆಎ ಗಾಡಿ ಹೋದ ತಿಂಗಳಷ್ಟೇ ಪುಣೆಗೆ ಬಂದಿರಬಹುದು. ಆದರೆ ಬಂದ ದಿನ ಯಾವುದೆಂದು ತೋರಿಸುವ ಕೆಲಸ ಕೊನೆಗೆ ಮಾಲೀಕರ ತಲೆಗೇ ಬರುತ್ತದೆ. ಬೈಕನ್ನು ಮತ್ಸ್ಯಗಂಧಾ ರೈಲಿನಲ್ಲಿ ಮಂಗಳೂರಿನಿಂದ ಕುರ್ಲಾ ಟರ್ಮಿನಸ್‌ಗೆ ಪಾರ್ಸೆಲ್ ಮಾಡಿದ್ದರೆ ಆ ರಸೀದಿಯೇ ಎಲ್ಲಕ್ಕಿಂತ ಗಟ್ಟಿ ದಾಖಲೆ. ಜನ ಅದನ್ನು ಬೈಕ್ ಬಿಡಿಸಿಕೊಂಡ ದಿನವೇ ಹರಿದು ಬಿಸಾಡುತ್ತಾರೆ. ಕಾರಾದರೆ ಫಾಸ್ಟ್ಯಾಗ್ ಖಾತೆಯ ವಿವರ ಇಳಿಸಿಕೊಳ್ಳಿ. ಯಾವ ಟೋಲ್ ನಾಕೆ ಯಾವ ಹೊತ್ತಿಗೆ ದಾಟಿತೆಂದು ಅದರಲ್ಲಿ ಅಚ್ಚಾಗಿರುತ್ತದೆ. ಕಂಪನಿಯ ವರ್ಗಾವಣೆ ಪತ್ರ, ಮನೆ ಬಾಡಿಗೆಯ ನೋಂದಾಯಿತ ಕರಾರು, ಊರಿನ ಸರ್ವಿಸ್ ಸೆಂಟರಿನ ಕೊನೆಯ ಬಿಲ್ಲು, ಇಲ್ಲಿಯ ಸರ್ವಿಸ್ ಸೆಂಟರಿನ ಮೊದಲ ಬಿಲ್ಲು, ಇವೆಲ್ಲ ಒಂದು ಕವರಿನಲ್ಲಿ ಗಾಡಿಯೊಳಗೇ ಇರಲಿ. ಜಾತ್ರೆಗೆಂದು ನಾಲ್ಕು ದಿನ ಊರಿಗೆ ಹೋಗಿ ಬಂದೆವು, ಲೆಕ್ಕ ಮತ್ತೆ ಒಂದರಿಂದ ಶುರು ಎಂದು ನಂಬಿ ಕೂರುವುದು ಮಾತ್ರ ಬೇಡ. ಮನೆ, ಕೆಲಸ, ಮಕ್ಕಳ ಶಾಲೆ ಎಲ್ಲ ಇಲ್ಲೇ ಇರುವಾಗ ಆ ವಾದವನ್ನು ಯಾರೂ ಒಪ್ಪುವುದಿಲ್ಲ.

ಫಲಕದ ಅಕ್ಷರಗಳ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಈಗಿನ ಎರಡಕ್ಷರದ ರಾಜ್ಯ ಸಂಕೇತಗಳು ಬಂದದ್ದು 1989ರಲ್ಲಿ. ಅದಕ್ಕೆ ಮೊದಲು ಮೈಸೂರಿನ ಗಾಡಿಗಳಿಗೆ ‘ಎಂವೈ’ಯಿಂದ ಶುರುವಾಗುವ ಮೂರಕ್ಷರ ಇರುತ್ತಿತ್ತು, ಕರ್ನಾಟಕವೆಂದು ಹೆಸರಾದ ಮೇಲೆ ‘ಸಿ’ಯಿಂದ ಶುರುವಾಗುವ ಅಕ್ಷರಗಳು ಬಂದವು. ಈಗ ಮೊದಲ ಎರಡಕ್ಷರ ರಾಜ್ಯ, ಮುಂದಿನ ಎರಡಂಕಿ ನೋಂದಣಿ ಕಚೇರಿ, ಆಮೇಲೆ ಸರಣಿಯ ಅಕ್ಷರ, ಕೊನೆಗೆ ನಾಲ್ಕಂಕಿಯ ಸಂಖ್ಯೆ. ಸರಣಿಯಲ್ಲಿ ‘ಐ’ ಮತ್ತು ‘ಓ’ ಅಕ್ಷರ ಬಳಸುವುದಿಲ್ಲ, ಒಂದು ಮತ್ತು ಸೊನ್ನೆಯೊಂದಿಗೆ ಕಲಸಿಹೋಗಬಾರದೆಂದು. ರಾಜ್ಯದ ಹೆಸರು ಬದಲಾದರೆ ಸಂಕೇತವೂ ಬದಲಾಗುತ್ತದೆ. ಒಡಿಶಾ ‘ಓಆರ್’ ಬಿಟ್ಟು ‘ಓಡಿ’ ಆಯಿತು, ಉತ್ತರಾಖಂಡ ‘ಯುಎ’ಯಿಂದ ‘ಯುಕೆ’ ಆಯಿತು, ಹೆಸರು ಬದಲಾಗದಿದ್ದರೂ ತೆಲಂಗಾಣ 2024ರಲ್ಲಿ ‘ಟಿಎಸ್’ ಬಿಟ್ಟು ‘ಟಿಜಿ’ ಹಿಡಿಯಿತು.

ಕೆಎ 20 ಕಂಡರೆ ಉಡುಪಿಯವರು, 19 ಆದರೆ ಮಂಗಳೂರಿನವರು, 22 ಬೆಳಗಾವಿ, 23 ಚಿಕ್ಕೋಡಿ, 28 ವಿಜಯಪುರ, 30 ಕಾರವಾರ ಎಂದು ಠಾಣೆ ನಗರದ ಸಿಗ್ನಲ್ಲಿನಲ್ಲೇ ಗುರುತು ಹಿಡಿದು ಮಾತಾಡಿಸುವ ಪ್ರೀತಿ ನಮ್ಮವರಲ್ಲಿದೆ. ಅದು ಇರಲಿ, ಒಳ್ಳೆಯದೇ. ಆದರೆ ಕಾನೂನಿನ ಕಣ್ಣಿಗೆ ಆ ಅಂಕಿ ಮಾಲೀಕರ ಊರಲ್ಲ, ಗಾಡಿಯ ಕಡತ ಇರುವ ಕಚೇರಿ, ಅಷ್ಟೇ. 2019ರ ತಿದ್ದುಪಡಿಯ ನಂತರ ರಾಜ್ಯದೊಳಗಿನ ಯಾವ ನೋಂದಣಿ ಕಚೇರಿಯಲ್ಲಾದರೂ ಹೊಸ ಗಾಡಿ ನೋಂದಾಯಿಸಬಹುದು. ಹಾಗಾಗಿ ನಂಬರ್ ಬದಲಾದರೆ ಊರಿನ ಗುರುತೇ ಹೋಯಿತೆಂದು ಬೇಸರಪಟ್ಟು ಕೆಲಸ ಮುಂದೂಡುವುದರಲ್ಲಿ ಅರ್ಥವಿಲ್ಲ. ಮುಂದೂಡಿದಷ್ಟೂ ವಾಪಸ್ ಬರಬೇಕಾದ ಹಣ ಕರಗುತ್ತದೆ.

ಕೆಲಸ ಶುರುವಾಗುವುದು ಊರಿನ ಆರ್‌ಟಿಒದಲ್ಲಿ. ಅಲ್ಲಿಂದ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ, ಬೇಕು. ನಮೂನೆ 28. ಕೇಂದ್ರದ ಪರಿವಾಹನ್ ಜಾಲತಾಣದಲ್ಲಿ ಅರ್ಜಿ ತುಂಬಿ, ಅಚ್ಚು ಹಾಕಿಸಿ, ಸಹಿ ಮಾಡಿ ಕಚೇರಿಗೆ ಸಲ್ಲಿಸಬೇಕು. ತುಂಬುವ ಮೊದಲು ಮೂರು ವಿಷಯ ನೋಡಿಕೊಳ್ಳಿ. ಒಂದು, ಇ-ಚಲನ್ ಬಾಕಿ. ಕರ್ನಾಟಕದ್ದು ಮಾತ್ರವಲ್ಲ, ಮುಂಬಯಿ-ಪುಣೆ ಎಕ್ಸ್‌ಪ್ರೆಸ್‌ವೇ ಕ್ಯಾಮರಾ ಹಾಕಿದ ದಂಡವೂ ಅದೇ ನಂಬರಿನ ಮೇಲೆ ಕೂತಿರುತ್ತದೆ. ಎರಡು, ಸಾಲ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಅದರ ಒಪ್ಪಿಗೆ ಪತ್ರವಿಲ್ಲದೆ ಅರ್ಜಿ ಮುಂದೆ ಹೋಗುವುದಿಲ್ಲ. ಸಾಲ ತೀರಿಸಿ ವರ್ಷಗಳಾದರೂ ಆ ಹೆಸರನ್ನು ಆರ್‌ಸಿಯಿಂದ ತೆಗೆಸದೆ ಬಿಟ್ಟವರು ತುಂಬ ಜನ. ಅಂಥವರು ಮೊದಲು ನಮೂನೆ 35ರಲ್ಲಿ ಅದನ್ನು ತೆಗೆಸಬೇಕು. ಮೂರನೆಯದು ನಮ್ಮವರಿಗೆ ವಿಶೇಷವಾಗಿ ಕಾಡುವ ತೊಂದರೆ, ಹೆಸರು. ಹಳೆಯ ಆರ್‌ಸಿಯಲ್ಲಿ ಇನಿಷಿಯಲ್ ಮುಂದೆ, ಆಧಾರಿನಲ್ಲಿ ತಂದೆಯ ಹೆಸರು ಪೂರ್ತಿ, ಬ್ಯಾಂಕ್ ಪುಸ್ತಕದಲ್ಲಿ ಮನೆತನದ ಹೆಸರು ಕೊನೆಗೆ. ಮನುಷ್ಯ ಒಬ್ಬನೇ ಆದರೂ ಕಂಪ್ಯೂಟರಿಗೆ ಮೂವರು. ಎನ್‌ಒಸಿ ಪಡೆಯುವ ಮೊದಲೇ, ಊರಿನ ಕಚೇರಿಯಲ್ಲೇ ಇದನ್ನು ಸರಿಮಾಡಿಸಿ. ಕಡತ ಮಹಾರಾಷ್ಟ್ರಕ್ಕೆ ಬಂದ ಮೇಲೆ ಇಲ್ಲಿನವರು ಅದಕ್ಕೆ ಕೈಹಾಕುವುದಿಲ್ಲ, ಅಲ್ಲಿನವರು ನಮ್ಮಲ್ಲಿ ಕಡತವೇ ಇಲ್ಲ ಎನ್ನುತ್ತಾರೆ.

ಹದಿಮೂರು ಹದಿನಾಲ್ಕು ವರ್ಷ ಹಳೆಯ ಗಾಡಿಗಳಲ್ಲಿ ಇನ್ನೊಂದು ತೊಡಕು. ಆರ್‌ಸಿಯ ಮಾಹಿತಿ ಕೇಂದ್ರದ ವಾಹನ್ ದತ್ತಾಂಶದಲ್ಲಿ ಅರ್ಧಂಬರ್ಧ ಇರುತ್ತದೆ, ಚಾಸಿಸ್ ನಂಬರಿನಲ್ಲಿ ಒಂದು ಅಕ್ಷರ ಬಿಟ್ಟುಹೋಗಿರುತ್ತದೆ. ಅದನ್ನು ತುಂಬಿಸಬೇಕಾದ್ದು ಮೂಲ ಕಚೇರಿಯೇ. ಮನೆಯಲ್ಲೇ ಕೂತು ಎಂಪರಿವಾಹನ್ ಆ್ಯಪ್‌ನಲ್ಲಿ ನಿಮ್ಮ ನಂಬರ್ ಹಾಕಿ, ಬರುವ ವಿವರವನ್ನು ಕೈಯಲ್ಲಿರುವ ಆರ್‌ಸಿಯೊಂದಿಗೆ ಅಕ್ಷರ ಅಕ್ಷರ ತಾಳೆ ನೋಡಿ. ಹತ್ತು ನಿಮಿಷದ ಈ ಕೆಲಸ ಊರಿಗೆ ಎರಡು ಸಲ ಓಡುವುದನ್ನು ತಪ್ಪಿಸುತ್ತದೆ.

ಎನ್‌ಒಸಿ ಅರ್ಜಿಯಲ್ಲಿ ಗಾಡಿ ಹೋಗುವ ಕಚೇರಿಯ ಹೆಸರು ಬರೆಯಬೇಕು. ಇಲ್ಲಿ ತಪ್ಪಿದರೆ ಮತ್ತೆ ಮೊದಲಿನಿಂದ. ‘ಮುಂಬಯಿ’ ಎಂದು ಒಂದು ಕಚೇರಿ ಇಲ್ಲ. ಎಂಎಚ್ 01 ತಾಡದೇವ್, 02 ಅಂಧೇರಿ, 03 ವಡಾಲಾ, 47 ಬೋರಿವಲಿ. ಠಾಣೆ ನಗರದವರಿಗೆ 04, ಡೊಂಬಿವಲಿ-ಕಲ್ಯಾಣದವರಿಗೆ 05, ವಾಶಿ-ನೆರೂಲ್ ಕಡೆಯವರಿಗೆ 43, ಪನ್ವೇಲ್ 46, ವಸಯಿ-ವಿರಾರ್ 48. ಪುಣೆ ನಗರ 12, ಪಿಂಪ್ರಿ-ಚಿಂಚವಡ 14. ನಿಗಡಿಯಲ್ಲಿ ಮನೆ ಮಾಡಿ 12ಕ್ಕೆ ಎನ್‌ಒಸಿ ತಂದವರು ಅದನ್ನು ರದ್ದುಮಾಡಿಸಿ 14ಕ್ಕೆ ಬರೆಸಿ ತರಬೇಕಾಗುತ್ತದೆ. ಗೋವಾದಲ್ಲಿ ಪಣಜಿ 01, ಮಡಗಾಂವ್ 02, ಮಾಪುಸಾ 03, ಬಿಚೋಲಿ 04, ಫೋಂಡಾ 05, ವಾಸ್ಕೋ 06. ಮನೆ ಯಾವ ಕಚೇರಿಯ ವ್ಯಾಪ್ತಿಗೆ ಬರುತ್ತದೆಂದು ಪಕ್ಕದ ಮನೆಯವರ ಹೊಸ ಗಾಡಿಯ ಆರ್‌ಸಿ ನೋಡಿದರೂ ಗೊತ್ತಾಗುತ್ತದೆ. ಬಾಡಿಗೆ ಮನೆ ಬದಲಿಸುವ ಯೋಚನೆ ಇದ್ದರೆ ಬದಲಿಸಿದ ಮೇಲೆಯೇ ಅರ್ಜಿ ಹಾಕಿ.

ಎನ್‌ಒಸಿಗೆ ಕಾಯುವವರು 48ನೇ ಕಲಂ ತಿಳಿದಿರಬೇಕು. ಅರ್ಜಿ ತಲುಪಿದ ಮೂವತ್ತು ದಿನದೊಳಗೆ ಕಚೇರಿ ಕೊಡುತ್ತೇನೆ ಎಂದಾದರೂ ಇಲ್ಲ ಎಂದಾದರೂ ತಿಳಿಸಬೇಕು. ಇಲ್ಲ ಎಂದರೆ ಕಾರಣವನ್ನು ಬರಹದಲ್ಲಿ ಕೊಡಬೇಕು. ಏನನ್ನೂ ತಿಳಿಸದಿದ್ದರೆ ಕೊಟ್ಟಂತೆಯೇ ಎಂದು ಕಾನೂನು ಭಾವಿಸುತ್ತದೆ. ಅದಕ್ಕಾಗಿ ಅರ್ಜಿ ಸ್ವೀಕರಿಸಿದ ರಸೀದಿ ಕೈಯಲ್ಲಿರಬೇಕು. ನಾಳೆ ಬನ್ನಿ, ನಾಡಿದ್ದು ಬನ್ನಿ ಎಂಬ ಬಾಯಿಮಾತಿನಿಂದ ಯಾವ ಗಡುವೂ ಶುರುವಾಗುವುದಿಲ್ಲ.

ಎನ್‌ಒಸಿ ಬಂದ ಮೇಲೆ ಇಲ್ಲಿಯ ಕಚೇರಿಯಲ್ಲಿ ನಮೂನೆ 27. ಜೊತೆಗೆ ಆರ್‌ಸಿ, ಚಾಲ್ತಿಯ ವಿಮೆ, ಪಿಯುಸಿ (ಹೊಗೆ ತಪಾಸಣೆಯ ಪತ್ರ), ಇಲ್ಲಿಯ ವಿಳಾಸದ ದಾಖಲೆ, ಗಾಡಿ ಕೊಂಡಾಗಿನ ಮೂಲ ಬಿಲ್ಲು. ಬಿಲ್ಲು ಬಹಳ ಮುಖ್ಯ, ಯಾಕೆಂದರೆ ಮಹಾರಾಷ್ಟ್ರದ ತೆರಿಗೆಯ ಲೆಕ್ಕ ಅದರ ಮೇಲಿನ ಬೆಲೆಯಿಂದ ಶುರು. ಕಳೆದುಹೋಗಿದ್ದರೆ ಡೀಲರಿನಿಂದ ದೃಢೀಕರಿಸಿದ ಪ್ರತಿ ತರಿಸಿ. ಹೊಸ ನಂಬರ್ ಕೊಡುವುದಕ್ಕೆ ಕೇಂದ್ರದ ಶುಲ್ಕ ಬೈಕಿಗೆ 300, ಖಾಸಗಿ ಕಾರಿಗೆ 600 ರೂಪಾಯಿ. ಸ್ಮಾರ್ಟ್ ಕಾರ್ಡಿಗೆ 200. ಏಜೆಂಟ್ ಹೇಳುವ ಮೊತ್ತದಲ್ಲಿ ಸರ್ಕಾರದ ಪಾಲು ಎಷ್ಟು, ಅವರ ಕೂಲಿ ಎಷ್ಟು ಎಂದು ಬಿಡಿಸಿ ಕೇಳಲು ಈ ಅಂಕಿಗಳು ನೆನಪಿರಲಿ.

ಆಮೇಲೆ ಗಾಡಿಯನ್ನು ಇನ್‌ಸ್ಪೆಕ್ಟರ್ ಮುಂದೆ ನಿಲ್ಲಿಸಬೇಕು. ಅವರು ಮೊದಲು ನೋಡುವುದು ಫಲಕವನ್ನಲ್ಲ, ಚಾಸಿಸ್ ನಂಬರನ್ನು. ಲೋಹಕ್ಕೆ ಕೊರೆದ ಹದಿನೇಳು ಅಕ್ಷರ-ಅಂಕಿಗಳ ಆ ನಂಬರಿನ ಮೇಲೆ ತೆಳು ಕಾಗದವಿಟ್ಟು ಸೀಸದ ಕಡ್ಡಿ ಉಜ್ಜಿ ಅಚ್ಚು ತೆಗೆದು ಅರ್ಜಿಗೆ ಅಂಟಿಸುತ್ತಾರೆ. ಕರಾವಳಿಯಿಂದ ಬಂದ ಬೈಕುಗಳಲ್ಲಿ ಉಪ್ಪುಗಾಳಿಗೆ ಆ ಜಾಗ ತುಕ್ಕು ಹಿಡಿದು ಒಂದೆರಡು ಅಂಕಿ ಮೂಡುವುದೇ ಇಲ್ಲ. ಮರಳು ಕಾಗದ ಹಾಕಿ ತಿಕ್ಕಿಬಿಡಬೇಡಿ. ನಂಬರ್ ತಿದ್ದಿದ ಗಾಡಿ ಎಂಬ ಸಂಶಯಕ್ಕೆ ಅಷ್ಟು ಸಾಕು. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿ, ಒಣಗಿದ ಮೇಲೆ ಮೃದುವಾದ ಪೆನ್ಸಿಲನ್ನು ಓರೆಯಾಗಿ ಹಿಡಿದು ಅಚ್ಚು ತೆಗೆಯಿರಿ. ನಿಜವಾದ ದೇಶದ ಗುರುತು ಇರುವುದೂ ಇಲ್ಲೇ. ಭಾರತದಲ್ಲಿ ತಯಾರಾದ ಗಾಡಿಯ ಚಾಸಿಸ್ ನಂಬರ್ ಸಾಮಾನ್ಯವಾಗಿ ‘ಎಂ’ ಅಕ್ಷರದಿಂದ ಶುರುವಾಗುತ್ತದೆ, ಮುಂದಿನ ಅಕ್ಷರ ‘ಎ’ಯಿಂದ ‘ಇ’ವರೆಗಿನ ಒಂದು. ಮಾರುತಿಗೆ ‘ಎಂಎ3’, ಟಾಟಾಗೆ ‘ಎಂಎಟಿ’, ಹುಂಡೈಗೆ ‘ಎಂಎಎಲ್’. ಫಲಕ ಎಷ್ಟು ಸಲ ಬದಲಾದರೂ ಈ ಹದಿನೇಳು ಬದಲಾಗುವುದಿಲ್ಲ.

ಇನ್ನು ತೆರಿಗೆ. ಕರ್ನಾಟಕದಲ್ಲಿ ಖಾಸಗಿ ಪೆಟ್ರೋಲ್ ಕಾರಿಗೆ ಜೀವಿತಾವಧಿ ತೆರಿಗೆ 5 ಲಕ್ಷದವರೆಗೆ ಶೇ 13, 5ರಿಂದ 10 ಲಕ್ಷಕ್ಕೆ ಶೇ 14, 10ರಿಂದ 20 ಲಕ್ಷಕ್ಕೆ ಶೇ 17, ಅದಕ್ಕೂ ಮೇಲೆ ಶೇ 18. ಈ ತೆರಿಗೆಯ ಮೇಲೆ ಶೇ 11 ಸೆಸ್. ಎಂಟು ಲಕ್ಷದ ಕಾರಿಗೆ 1,12,000 ರೂಪಾಯಿ ತೆರಿಗೆ, ಸೆಸ್ ಸೇರಿ 1,24,320. ಮಹಾರಾಷ್ಟ್ರದಲ್ಲಿ ಅದೇ ಬೆಲೆಯ ಹೊಸ ಪೆಟ್ರೋಲ್ ಕಾರಿಗೆ ಶೇ 11, ಅಂದರೆ 88,000. ಡೀಸೆಲ್ ಆದರೆ ಶೇ 13. ಬೇರೆ ರಾಜ್ಯದಿಂದ ಬಂದ ಹಳೆಯ ಗಾಡಿಗೆ ಅದರ ವಯಸ್ಸಿಗೆ ತಕ್ಕಂತೆ ಈ ದರ ಇಳಿಯುತ್ತಾ ಹೋಗುತ್ತದೆ. ಕಂಪನಿಯ ಹೆಸರಿನಲ್ಲಿರುವ ಕಾರಿಗೆ ದರ ಶೇ 20. ಹೋಟೆಲ್ ವ್ಯವಹಾರದವರು ಸಂಸ್ಥೆಯ ಹೆಸರಿನಲ್ಲಿ ಊರಲ್ಲಿ ಕೊಂಡ ಕಾರನ್ನು ಇಲ್ಲಿಗೆ ತರುವ ಮೊದಲು ಈ ಲೆಕ್ಕ ಹಾಕಿ ನೋಡಲಿ.

ಒಂದೇ ಗಾಡಿಗೆ ಎರಡು ರಾಜ್ಯಗಳಿಗೆ ಪೂರ್ತಿ ತೆರಿಗೆ ಕಟ್ಟುವುದು ಅನ್ಯಾಯ ಎಂದು ಎಲ್ಲರೂ ಹೇಳುತ್ತಾರೆ. ಕಾನೂನೂ ಅದನ್ನು ಒಪ್ಪಿದೆ. ಕರ್ನಾಟಕ ಮೋಟಾರು ವಾಹನ ತೆರಿಗೆ ಕಾಯ್ದೆ 1957ರ ಅಡಿ ಗಾಡಿ ಬೇರೆ ರಾಜ್ಯಕ್ಕೆ ಹೋಗಿ ಅಲ್ಲಿ ನೋಂದಣಿಯಾದರೆ ಉಳಿದ ಅವಧಿಗೆ ತಕ್ಕಷ್ಟು ತೆರಿಗೆ ವಾಪಸ್ ಸಿಗುತ್ತದೆ. ಆದರೆ ಅದು ತಾನಾಗಿ ಬರುವುದಿಲ್ಲ. ಎನ್‌ಒಸಿ ಪಡೆದ ದಿನವೂ ಸಿಗುವುದಿಲ್ಲ. ಇಲ್ಲಿ ಹೊಸ ನಂಬರ್ ಬಂದ ಮೇಲೆ, ಮೂಲ ಆರ್‌ಟಿಒಗೆ ಬೇರೆಯೇ ಅರ್ಜಿ ಹಾಕಬೇಕು. ಅದರ ಜೊತೆ ಹಳೆಯ ಆರ್‌ಸಿ ಪ್ರತಿ, ಎನ್‌ಒಸಿ ಪ್ರತಿ, ಹೊಸ ಆರ್‌ಸಿ ಪ್ರತಿ, ಇಲ್ಲಿ ತೆರಿಗೆ ಕಟ್ಟಿದ ರಸೀದಿ, ಅಲ್ಲಿ ತೆರಿಗೆ ಕಟ್ಟಿದ್ದ ರಸೀದಿ, ಮಾಲೀಕರ ಹೆಸರಿರುವ ರದ್ದಾದ ಚೆಕ್ಕಿನ ಹಾಳೆ ಇರಬೇಕು. ಹಳೆಯ ಸ್ಮಾರ್ಟ್ ಕಾರ್ಡನ್ನು ಇಲ್ಲಿಯ ಕಚೇರಿ ತೆಗೆದುಕೊಳ್ಳುತ್ತದೆ, ಆದ್ದರಿಂದ ಅದರ ಎರಡೂ ಬದಿಯ ಪ್ರತಿಯನ್ನು ಮೊದಲೇ ಮಾಡಿಟ್ಟುಕೊಳ್ಳಿ. ಇದೊಂದನ್ನು ಮರೆತು ಕೈಕಟ್ಟಿ ಕೂತವರು ಬಹಳ ಜನ. ವರ್ಷ ಕಳೆದಷ್ಟೂ ವಾಪಸ್ ಬರುವ ಪ್ರಮಾಣ ಕಡಿಮೆಯಾಗುತ್ತದೆ. ಎರಡು ವರ್ಷದ ಗಾಡಿಗೆ ಅದು ಒಂದು ದೊಡ್ಡ ಮೊತ್ತ, ಹನ್ನೆರಡು ವರ್ಷದ್ದಕ್ಕೆ ಊರಿಗೆ ಹೋಗಿಬರುವ ಖರ್ಚಿಗೆ ಸಾಕಾಗಬಹುದು.

ಏಜೆಂಟರು ಈ ಅರ್ಜಿಯ ಸುದ್ದಿ ಎತ್ತದಿರುವುದಕ್ಕೆ ಕಾರಣ ಸರಳ. ಇಲ್ಲಿಯ ಏಜೆಂಟನ ಕೆಲಸ ಹೊಸ ಆರ್‌ಸಿ ಕೈಗೆ ಕೊಟ್ಟಲ್ಲಿಗೆ ಮುಗಿಯಿತು, ಊರಿನ ಏಜೆಂಟನದು ಎನ್‌ಒಸಿ ಕೊಟ್ಟಲ್ಲಿಗೆ ಮುಗಿಯಿತು. ಕೊನೆಯ ಹೆಜ್ಜೆ ಇಬ್ಬರ ಕೆಲಸವೂ ಅಲ್ಲ. ಮಾಲೀಕರೇ ಎಚ್ಚರ ವಹಿಸಬೇಕು. ಊರಿಗೆ ರಜೆಗೆ ಹೋಗುವ ದಿನ ಮೊದಲೇ ನಿಗದಿ ಮಾಡಿಕೊಂಡು, ಅದಕ್ಕೆ ಒಂದೂವರೆ ಎರಡು ತಿಂಗಳ ಮುಂಚೆ ಇಲ್ಲಿಯ ನೋಂದಣಿ ಮುಗಿಯುವಂತೆ ನೋಡಿಕೊಂಡರೆ ಒಂದೇ ಪ್ರಯಾಣದಲ್ಲಿ ಆಗುತ್ತದೆ.

ಹೊಸ ನಂಬರ್ ಬಂದರೆ ನೋಂದಣಿಯ ಹದಿನೈದು ವರ್ಷ ಹೊಸದಾಗಿ ಶುರುವಾಗುತ್ತದೆ ಎಂಬ ತಪ್ಪು ತಿಳಿವಳಿಕೆಯೂ ಇದೆ. ಹಾಗಿಲ್ಲ. ಲೆಕ್ಕ ಮೊದಲ ನೋಂದಣಿಯಿಂದಲೇ. ಹದಿನಾಲ್ಕು ವರ್ಷದ ಗಾಡಿಗೆ ಇಷ್ಟೆಲ್ಲ ಓಡಾಡುವ ಬದಲು ಅದನ್ನು ಊರಿನ ಮನೆಯಲ್ಲೇ ಬಿಡುವುದು ಜಾಣತನ.

ಫಲಕದ ವಿಷಯಕ್ಕೆ ಬರೋಣ. 2019ರ ಏಪ್ರಿಲ್ 1ರಿಂದ ತಯಾರಾದ ಎಲ್ಲ ಹೊಸ ಗಾಡಿಗಳಿಗೂ ಅತಿ ಸುರಕ್ಷಿತ ನಂಬರ್ ಫಲಕ, ಅಂದರೆ ಎಚ್‌ಎಸ್‌ಆರ್‌ಪಿ ಕಡ್ಡಾಯ. ಅದಕ್ಕೂ ಹಳೆಯವಕ್ಕೆ ಹಾಕಿಸಲು ಮಹಾರಾಷ್ಟ್ರದಲ್ಲಿ ಬೈಕಿಗೆ 450, ಆಟೋಗೆ 500, ಕಾರಿಗೆ 745 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಅಂದರೆ ಬೈಕಿಗೆ 531, ಕಾರಿಗೆ 879 ರೂಪಾಯಿ ಹತ್ತು ಪೈಸೆ. ಈ ದರ ಎಂಎಚ್ ನಂಬರಿನ ಗಾಡಿಗಳಿಗೆ. ಕೆಎ ನಂಬರಿನ ಗಾಡಿಯ ಬುಕಿಂಗ್ ಕರ್ನಾಟಕದ ವ್ಯವಸ್ಥೆಯಲ್ಲೇ ಆಗಬೇಕು. ಹಳೆಯ ನಂಬರಿನ ಫಲಕ ಹೊಸ ನಂಬರಿಗೆ ಉಪಯೋಗಕ್ಕೆ ಬಾರದು, ಕೊಟ್ಟ ಹಣವೂ ಮುಂದಕ್ಕೆ ಹೊಂದಾಣಿಕೆಯಾಗುವುದಿಲ್ಲ.

ರಸ್ತೆ ಬದಿಯಲ್ಲಿ ಅರ್ಧ ಗಂಟೆಯಲ್ಲಿ ಮಾಡಿಕೊಡುವ ‘ಐಎನ್‌ಡಿ’ ಫಲಕ ಅಸಲಿಯಲ್ಲ. ಅಸಲಿಯನ್ನು ಕೈಯಲ್ಲಿ ಹಿಡಿದು ನೋಡಿ. ಅಲ್ಯೂಮಿನಿಯಂ ತಗಡು, ಎಡ ಮೇಲ್ತುದಿಯಲ್ಲಿ 20 ಮಿಲಿಮೀಟರ್ ಚೌಕದ ಕ್ರೋಮಿಯಂ ಹೊಲೊಗ್ರಾಂ, ಅದರೊಳಗೆ ಅಶೋಕಚಕ್ರ, ಕೆಳಗೆ ನೀಲಿಯಲ್ಲಿ ‘ಐಎನ್‌ಡಿ’, ಇನ್ನೂ ಕೆಳಗೆ ಲೇಸರಿನಲ್ಲಿ ಕೊರೆದ ಸಣ್ಣ ಗುರುತಿನ ಸಂಖ್ಯೆ. ಉಬ್ಬಿದ ಕಪ್ಪು ಅಕ್ಷರಗಳನ್ನು ಓರೆಯಾಗಿ ನೋಡಿದರೆ ಅವುಗಳ ಮೇಲೆಯೇ 45 ಡಿಗ್ರಿ ಕೋನದಲ್ಲಿ ‘ಇಂಡಿಯಾ’ ಎಂಬ ಸಣ್ಣ ಬರಹ ಸಾಲಾಗಿ ಕಾಣುತ್ತದೆ. ನಕಲಿಯಲ್ಲಿ ಹೊಲೊಗ್ರಾಂ ಉಗುರಿಗೆ ಏಳುವ ಸ್ಟಿಕರ್ ಆಗಿರುತ್ತದೆ, ಲೇಸರ್ ಸಂಖ್ಯೆ ವಾಹನ್ ದಾಖಲೆಗೆ ಸೇರಿರುವುದಿಲ್ಲ. ಅಸಲಿಯನ್ನು ಸ್ನ್ಯಾಪ್ ಲಾಕ್ ಹಾಕಿ ಕೂರಿಸುತ್ತಾರೆ. ಅದನ್ನು ಸ್ಕ್ರೂನಂತೆ ಬಿಚ್ಚಲು ಬಾರದು, ಮುರಿಯಲೇಬೇಕು. ಆದ್ದರಿಂದ ಬಂಪರಿನ ಬಣ್ಣದ ಕೆಲಸಕ್ಕೆ ಕೊಡುವಾಗ ಗ್ಯಾರೇಜಿನವರಿಗೆ ಮೊದಲೇ ಹೇಳಿ. ಕಾರಿನ ಮುಂಗಾಜಿಗೆ ಒಳಗಿನಿಂದ ಅಂಟಿಸುವ ಮೂರನೇ ಗುರುತು ಮರೆಯಬೇಡಿ. ಪೆಟ್ರೋಲ್ ಮತ್ತು ಸಿಎನ್‌ಜಿಗೆ ತಿಳಿನೀಲಿ, ಡೀಸೆಲ್‌ಗೆ ಕಿತ್ತಳೆ.

ಫಲಕದ ಮೇಲೆ ಕನ್ನಡ ಅಂಕಿ ಬರೆಸುವವರಲ್ಲಿ ಕೈಮುಗಿದು ಕೇಳುತ್ತೇವೆ, ದಯವಿಟ್ಟು ಬೇಡ. ಕೇಂದ್ರ ನಿಯಮ 50ರ ಪ್ರಕಾರ ಫಲಕದಲ್ಲಿ ಇಂಗ್ಲಿಷ್ ಅಕ್ಷರ ಮತ್ತು ದೇಶವೆಲ್ಲ ಬಳಸುವ ಅಂಕಿಗಳೇ ಇರಬೇಕು. ಇಲ್ಲಿ ದೇವನಾಗರಿಯಲ್ಲಿ ಬರೆಸಿದವರಿಗೂ ಅದೇ ನಿಯಮ. ಕಾರಿನ ಅಕ್ಷರದ ಎತ್ತರ 65 ಮಿಲಿಮೀಟರ್, ದಪ್ಪ 10, ನಡುವಿನ ಜಾಗ 10. ಬೈಕಿನ ಹಿಂದಿನ ಫಲಕಕ್ಕೆ 35, 7, 5. ಕನ್ನಡದ ಮೇಲಿನ ಪ್ರೀತಿ ದೊಡ್ಡದು, ಹಿಂದಿನ ಗಾಜಿನ ಮೂಲೆಯಲ್ಲಿ ಅದಕ್ಕೆ ಜಾಗವಿದೆ. ಆದರೆ ಅಪಘಾತ ಮಾಡಿ ಓಡಿದ ಗಾಡಿಯ ನಂಬರನ್ನು ಬಿದ್ದವರ ಪಕ್ಕ ನಿಂತವರು ಓದಲಾಗದಿದ್ದರೆ, ಆ ಬಿದ್ದವರು ನಮ್ಮವರೇ ಆಗಿರಬಹುದು.

‘ಐಎನ್‌ಡಿ’ ಎಂಬುದು ಭಾರತದ ಅಂತಾರಾಷ್ಟ್ರೀಯ ವಾಹನ ಸಂಕೇತ. ಪಾಕಿಸ್ತಾನಕ್ಕೆ ‘ಪಿಕೆ’, ಸ್ವಿಟ್ಜರ್ಲೆಂಡಿಗೆ ‘ಸಿಎಚ್’ ಇರುವಂತೆ. ಬ್ರಿಟನ್ ತನ್ನ ‘ಜಿಬಿ’ಯನ್ನು 2021ರ ಸೆಪ್ಟೆಂಬರ್ 28ರಂದು ‘ಯುಕೆ’ ಎಂದು ಬದಲಿಸಿಕೊಂಡಿತು. ಗಾಡಿಯನ್ನು ಹೊರದೇಶಕ್ಕೆ ಒಯ್ಯುವವರು ಫಲಕದ ಮೇಲಿನ ಸಣ್ಣ ನೀಲಿ ಅಕ್ಷರಗಳೇ ಸಾಕೆಂದು ನಂಬಬಾರದು. ಅಲ್ಲಿಗೆ ಬೇಕಾದ್ದು ಬಿಳಿಯ ಅಂಡಾಕಾರದ ಮೇಲೆ ಕಪ್ಪಿನಲ್ಲಿ ಕನಿಷ್ಠ 80 ಮಿಲಿಮೀಟರ್ ಎತ್ತರ, 10 ಮಿಲಿಮೀಟರ್ ದಪ್ಪದ ಅಕ್ಷರಗಳಿರುವ ಬೇರೆಯೇ ಗುರುತು, ಗಾಡಿಯ ಹಿಂಬದಿಗೆ.

ಮೂರು ನಾಲ್ಕು ವರ್ಷಕ್ಕೊಮ್ಮೆ ವರ್ಗವಾಗುವವರಿಗೆ ಬಿಎಚ್ ಸರಣಿ, ಅಂದರೆ ರಾಜ್ಯ ಬದಲಾದರೂ ನಂಬರ್ ಬದಲಿಸಬೇಕಿಲ್ಲದ ‘ಭಾರತ್’ ಸರಣಿ, ಒಳ್ಳೆಯ ದಾರಿ. 2021ರ ಸೆಪ್ಟೆಂಬರ್ 15ರಿಂದ ಜಾರಿಯಲ್ಲಿದೆ. ಸೇನೆ, ಕೇಂದ್ರ ಮತ್ತು ರಾಜ್ಯ ಸರ್ಕಾರಿ ನೌಕರರು, ಸಾರ್ವಜನಿಕ ಉದ್ಯಮಗಳವರು, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಖಾಸಗಿ ಸಂಸ್ಥೆಯ ನೌಕರರು ಇದಕ್ಕೆ ಅರ್ಹರು. ಖಾಸಗಿಯವರು ನಮೂನೆ 60ರಲ್ಲಿ ಸಂಸ್ಥೆಯ ಪ್ರಮಾಣಪತ್ರ ಕೊಡಬೇಕು. ತೆರಿಗೆ ಎರಡೆರಡು ವರ್ಷಕ್ಕೆ. 2022ರ ಡಿಸೆಂಬರಿನ ತಿದ್ದುಪಡಿಯ ನಂತರ ಈಗಾಗಲೇ ನೋಂದಣಿಯಾದ ಗಾಡಿಯನ್ನೂ ಇದಕ್ಕೆ ಬದಲಿಸಬಹುದು. ತೊಂದರೆ ಒಂದೇ, ಎರಡು ವರ್ಷ ಮುಗಿದದ್ದು ಮರೆತುಹೋಗುತ್ತದೆ. ತಡವಾದ ಪ್ರತಿ ದಿನಕ್ಕೆ 100 ರೂಪಾಯಿ ದಂಡ. ಒಂದೇ ಊರಲ್ಲಿ ನೆಲೆಯಾಗುವವರು ಇದಕ್ಕೆ ಹೋಗುವ ಅಗತ್ಯವಿಲ್ಲ.

ಗೋವಾದ ಓದುಗರಿಗೆ ಒಂದು ಎಚ್ಚರಿಕೆ. ಬಿಳಿ ಫಲಕ ಖಾಸಗಿ, ಹಳದಿ ಫಲಕ ಬಾಡಿಗೆ ಟ್ಯಾಕ್ಸಿ, ಕಪ್ಪು ಫಲಕದ ಮೇಲೆ ಹಳದಿ ಅಕ್ಷರ ನಾವೇ ಓಡಿಸಲು ಬಾಡಿಗೆಗೆ ಕೊಡುವ ಗಾಡಿ, ಹಸಿರು ಫಲಕ ವಿದ್ಯುತ್ ಗಾಡಿ. ಊರಿಂದ ಬಂದ ನೆಂಟರಿಗೆ ಬಿಳಿ ಫಲಕದ ಸ್ಕೂಟರನ್ನು ಅಗ್ಗವೆಂದು ಬಾಡಿಗೆಗೆ ಕೊಡಿಸಬೇಡಿ. ಬಾಡಿಗೆಗೆ ಓಡುತ್ತಿದ್ದುದು ಗೊತ್ತಾದರೆ ವಿಮಾ ಕಂಪನಿ ಕೈಎತ್ತುತ್ತದೆ, ಆಸ್ಪತ್ರೆಯ ಬಿಲ್ಲು ಓಡಿಸಿದವರ ಮೇಲೆ ಬೀಳುತ್ತದೆ.

ಹೊಸ ನಂಬರ್ ಸಿಕ್ಕ ವಾರದಲ್ಲೇ ವಿಮಾ ಪಾಲಿಸಿಗೆ ಅದನ್ನು ಸೇರಿಸಿ. ಫಾಸ್ಟ್ಯಾಗ್ ಕೊಟ್ಟ ಬ್ಯಾಂಕಿಗೆ ಹೊಸ ಆರ್‌ಸಿ ಕಳಿಸಿ. ಟ್ಯಾಗ್ ಒಂದು ನಂಬರ್, ಫಲಕ ಇನ್ನೊಂದು ನಂಬರ್ ಇದ್ದರೆ ಟೋಲಿನಲ್ಲಿ ಟ್ಯಾಗ್ ನಿಂತುಹೋಗುತ್ತದೆ. ಪಿಯುಸಿ ಹೊಸದಾಗಿ ಮಾಡಿಸಿ.

ಕರ್ನಾಟಕದ ಸಾರಿಗೆ ಇಲಾಖೆಗೆ ನಿಮ್ಮ ಪತ್ರಿಕೆಯ ಮೂಲಕ ನಮ್ಮ ಬೇಡಿಕೆ ಇಷ್ಟು. ಎನ್‌ಒಸಿ ಕೊಡುವ ಹಾಳೆಯ ಮೇಲೆಯೇ, ಕನ್ನಡದಲ್ಲಿ, ತೆರಿಗೆ ವಾಪಸಾತಿಗೆ ಏನೇನು ಬೇಕೆಂದು ಅಚ್ಚು ಹಾಕಿಸಲಿ. ಹೊಸ ರಾಜ್ಯದಲ್ಲಿ ನಂಬರ್ ಬಂದದ್ದು ವಾಹನ್ ದತ್ತಾಂಶದಲ್ಲಿ ಅದೇ ದಿನ ಕಾಣುತ್ತದೆ. ಹಾಗಿರುವಾಗ ಹೊಸ ಆರ್‌ಸಿಯ ಪ್ರತಿ ಹಿಡಿದು ಮಾಲೀಕರೇ ಮಂಗಳೂರಿಗೋ ಬೆಳಗಾವಿಗೋ ಬರಬೇಕೆಂದು ಹೇಳುವ ಅಗತ್ಯವಿಲ್ಲ. ಮನೆಯಿಂದಲೇ ಅರ್ಜಿ ಹಾಕಿ, ತೆರಿಗೆ ಕಟ್ಟಿದವರ ಬ್ಯಾಂಕ್ ಖಾತೆಗೇ ಹಣ ಬರುವಂತೆ ಮಾಡಲಿ. ಅರ್ಜಿ ಯಾವ ಮೇಜಿನ ಮೇಲಿದೆ ಎಂದು ತಿಳಿಯಲು ಒಂದು ಸಂಖ್ಯೆ ಕೊಡಲಿ. ಇಲ್ಲಿಯ ಕನ್ನಡ ಸಂಘಗಳಲ್ಲಿ ವಿನಂತಿ: ವಾರ್ಷಿಕೋತ್ಸವದ ದಿನ ಸಭಾಂಗಣದ ಬಾಗಿಲ ಬಳಿ ಒಂದು ಮೇಜು ಹಾಕಿ, ನಮೂನೆ 27 ಮತ್ತು 28 ತುಂಬಿಸಲು ತಿಳಿದ ಇಬ್ಬರನ್ನು ಕೂರಿಸಿ. ಆ ಮೇಜಿಗೆ ಬರಲು ನಾವು ಸಿದ್ಧ.

ತಮ್ಮ ವಿಶ್ವಾಸಿಗಳು,
ವಾಹನ ಕಾಗದಪತ್ರದ ಕೆಲಸ ಬಲ್ಲ ಕೆಲವು ಓದುಗರು,
ಡೊಂಬಿವಲಿ ಮತ್ತು ಚಿಂಚವಡ